‘ಇದು ಪಾಠದ್ದಲ್ಲ ಟೀಚರ್’: ಕಲನಶಾಸ್ತ್ರದ ಹೋಂವರ್ಕಿಗೆ ನೆರವು ಕೇಳಿದ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಹಿನ್ನೆಲೆ

ಹೈಯರ್ ಸೆಕೆಂಡರಿ ಶಾಲೆಯ ಭೌತಶಾಸ್ತ್ರ ಅಧ್ಯಾಪಕಿಯಾಗಿ ನಿವೃತ್ತಳಾದ ಮೇಲೆ, ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ನಮ್ಮ ಹಳ್ಳಿಯಲ್ಲಿ ಪ್ಲಸ್ ವನ್ ಮತ್ತು ಪ್ಲಸ್ ಟು (ಹನ್ನೊಂದು ಮತ್ತು ಹನ್ನೆರಡನೆಯ ತರಗತಿ) ಮಕ್ಕಳ ಸಂಶಯಗಳನ್ನು ಸಂಜೆಯ ಹೊತ್ತು ಬಿಡಿಸಿಕೊಡುವ ಕೆಲಸವನ್ನು ಹಚ್ಚಿಕೊಂಡಿದ್ದೇನೆ. ಹತ್ತಿರದ ಮಕ್ಕಳು ಜಗಲಿಗೆ ಬಂದು ಕೂರುತ್ತಾರೆ, ದೂರದವರು ನೋಟ್ ಪುಸ್ತಕದ ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬಳ ಒಂದು ವರ್ಷದ ಪ್ರಕರಣ. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಊರು, ಶಾಲೆ, ಹೆಸರು ಯಾವುದನ್ನೂ ಹೇಳುವುದಿಲ್ಲ, ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ಲೆಕ್ಕಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ, ಏಕೆಂದರೆ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಆ ಲೆಕ್ಕಗಳ ಒಳಗೇ ಇದೆ.

ವಿದ್ಯಾರ್ಥಿನಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿದು ಬಂದಿವೆ. ಎಸ್ಸೆಸ್ಸೆಲ್ಸಿಯವರೆಗೆ ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲೇ ಓದಬಹುದು. ಪ್ಲಸ್ ವನ್ ಸಯನ್ಸಿಗೆ ಸೇರಿದಾಗ ಅವಳ ಕೈಗೆ ಬಂದ ಪುಸ್ತಕ ಇಂಗ್ಲಿಷಿನದು, ತರಗತಿಯ ವಿವರಣೆ ಬಹುಮಟ್ಟಿಗೆ ಮಲಯಾಳ ಬೆರೆತ ಇಂಗ್ಲಿಷಿನದು. ನಿನ್ನೆಯವರೆಗೆ ವೇಗೋತ್ಕರ್ಷ ಎಂದು ತಿಳಿದಿದ್ದನ್ನು ಇಂದಿನಿಂದ ಆಕ್ಸಿಲರೇಷನ್ ಎಂದು ಗುರುತಿಸಬೇಕು. ಜಾಣ ಮಕ್ಕಳು ಈ ಶಬ್ದಗಳ ಬದಲಾವಣೆಯನ್ನು ಮೂರು ನಾಲ್ಕು ತಿಂಗಳಲ್ಲಿ ದಾಟಿಬಿಡುತ್ತಾರೆ. ಆದರೆ ಅದೇ ಮೂರು ನಾಲ್ಕು ತಿಂಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ, ಅದರ ಬಗ್ಗೆ ಮನೆಯವರಿಗೆ ಸಾಮಾನ್ಯವಾಗಿ ಗೊತ್ತೇ ಇರುವುದಿಲ್ಲ: ಭೌತಶಾಸ್ತ್ರ ಪುಸ್ತಕದ ಆರಂಭದಲ್ಲೇ ಬರುವ ಸರಳರೇಖೆಯ ಚಲನೆಯ ಪಾಠಕ್ಕೆ ಕಲನಶಾಸ್ತ್ರದ (ಕ್ಯಾಲ್ಕುಲಸ್) ಡೆರಿವೇಟಿವ್, ಅಂದರೆ ಒಂದು ಕ್ಷಣದಲ್ಲಿ ಬದಲಾಗುವ ದರವನ್ನು ಹೇಳುವ ನಿಷ್ಪನ್ನ, ಬೇಕು, ಗಣಿತ ಪುಸ್ತಕದಲ್ಲಿ ಮಿತಿ (ಲಿಮಿಟ್, ಒಂದು ಬೆಲೆ ಯಾವುದರ ಹತ್ತಿರ ಹತ್ತಿರ ಹೋಗುತ್ತದೋ ಅದು) ಮತ್ತು ನಿಷ್ಪನ್ನಗಳ ಪಾಠ ಇರುವುದು ವರ್ಷದ ಕೊನೆಯ ಭಾಗದಲ್ಲಿ. ನಡುವಿನ ತಿಂಗಳುಗಳಲ್ಲಿ ಮಗು ತನಗೆ ಯಾರೂ ಕಲಿಸದ ಗಣಿತವನ್ನು ಬಳಸುತ್ತಿರಬೇಕಾಗುತ್ತದೆ.

ಸಮಸ್ಯೆ

ಆಗಸ್ಟ್ ತಿಂಗಳಿನಿಂದ ಅವಳ ಫೋಟೋಗಳು ಬರತೊಡಗಿದವು. ವಾರಕ್ಕೆ ನಾಲ್ಕೋ ಐದೋ ಪ್ರಶ್ನೆ, ಜೊತೆಗೆ ಒಂದೇ ಸಾಲು: ‘ಟೀಚರ್, ಇದರ ಉತ್ತರ ಕಳಿಸಬಹುದಾ?’ ಅವಳಿಗೆ ನಾನು ಒಬ್ಬಳೇ ಆಸರೆಯಾಗಿರಲಿಲ್ಲ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ದೊಡ್ಡಮ್ಮನ ಮಗನಿಗೂ ಅದೇ ಫೋಟೋ ಹೋಗುತ್ತಿತ್ತು, ಫೋಟೋ ತೋರಿಸಿದರೆ ಲೆಕ್ಕ ಬಿಡಿಸಿ ಕೊಡುವ ಆ್ಯಪ್ ಕೂಡ ಫೋನಿನಲ್ಲಿತ್ತು. ಮೂರು ಕಡೆಗಳಿಂದ ಬಂದ ಉತ್ತರಗಳಲ್ಲಿ ಅಂದವಾಗಿ ಕಂಡದ್ದನ್ನು ಅವಳು ನಕಲು ಮಾಡಿಕೊಳ್ಳುತ್ತಿದ್ದಳು. ಹೋಂವರ್ಕ್ ಪುಸ್ತಕದ ತುಂಬ ಕೆಂಪು ಶಾಯಿಯ ಸರಿ ಗುರುತುಗಳಿದ್ದವು.

ಇದರಲ್ಲಿ ನನ್ನ ತಪ್ಪನ್ನು ಮೊದಲು ಬರೆದುಬಿಡಬೇಕು. ಏಳೆಂಟು ವಾರ ನಾನು ಕೇಳಿದ್ದಕ್ಕೆಲ್ಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಿಡಿಸಿ ಬರೆದು, ಫೋಟೋ ತೆಗೆದು ಕಳಿಸಿದೆ. ಚೆನ್ನಾಗಿ ಬರೆದಿದ್ದೇನೆ, ಹಂತ ಬಿಟ್ಟಿಲ್ಲ, ಮಗುವಿಗೆ ಅರ್ಥವಾಗುತ್ತದೆ ಎಂಬ ನಂಬಿಕೆ ನನಗಿತ್ತು. ಸೆಪ್ಟೆಂಬರ್ ಕೊನೆಯ ಘಟಕ ಪರೀಕ್ಷೆಯಲ್ಲಿ ಅವಳಿಗೆ ಭೌತಶಾಸ್ತ್ರದಲ್ಲಿ 20ಕ್ಕೆ 4 ಅಂಕ ಬಂತು. ಉತ್ತರ ಪತ್ರಿಕೆ ಹಿಡಿದುಕೊಂಡು ತಂದೆಯ ಜೊತೆ ಮೊದಲ ಸಲ ನಮ್ಮ ಜಗಲಿಗೆ ಬಂದಳು.

ಪತ್ರಿಕೆಯ ಒಂದು ಪ್ರಶ್ನೆ ಹೀಗಿತ್ತು: ವಸ್ತುವಿನ ಸ್ಥಾನವು ಕಾಲದ ವರ್ಗದ ಮೂರು ಪಟ್ಟು ಮತ್ತು ಕಾಲದ ಎರಡು ಪಟ್ಟುಗಳ ಮೊತ್ತವಾಗಿದೆ; ನಾಲ್ಕನೆಯ ಸೆಕೆಂಡಿನ ಕೊನೆಗೆ ಅದರ ವೇಗ ಎಷ್ಟು? ಅವಳು ಕಾಲದ ಜಾಗದಲ್ಲಿ ಮೊದಲೇ 4 ಹಾಕಿದ್ದಳು. 48 ಕೂಡಿಸು 8, ಒಟ್ಟು 56. ಬಳಿಕ 56ಕ್ಕೆ ಡಿಫರೆನ್ಸಿಯೇಷನ್ ಮಾಡಿದ್ದಳು, ಅಂದರೆ ಅದರ ನಿಷ್ಪನ್ನ ತೆಗೆದಿದ್ದಳು. ಸ್ಥಿರ ಸಂಖ್ಯೆಯ ನಿಷ್ಪನ್ನ ಸೊನ್ನೆ, ಆದ್ದರಿಂದ ವೇಗ ಸೊನ್ನೆ. ಅವಳು ಬಳಸಿದ ಒಂದೊಂದು ನಿಯಮವೂ ಪುಸ್ತಕದ ಪ್ರಕಾರ ಸರಿಯಾಗಿತ್ತು ಎಂಬುದೇ ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ‘ಹಾಗಾದರೆ ಆ ಹೊತ್ತಿನಲ್ಲಿ ವಸ್ತು ನಿಂತಿದೆಯಾ?’ ಎಂದು ಕೇಳಿದೆ. ‘ಗೊತ್ತಿಲ್ಲ ಟೀಚರ್, ಲೆಕ್ಕದಲ್ಲಿ ಹಾಗೆ ಬಂತು’ ಎಂದಳು. ನಾನು ಏಳೆಂಟು ವಾರ ಕಳಿಸಿದ ಪುಟಗಳಲ್ಲಿ ಲೆಕ್ಕವಿತ್ತು, ವಸ್ತು ಎಲ್ಲಿಯೂ ಚಲಿಸಿರಲಿಲ್ಲ.

ಮೊದಲ ಪ್ರಯತ್ನಗಳು

ಅಂದೇ ಒಂದು ನಿಯಮ ಮಾಡಿದೆ. ಇನ್ನು ಮುಂದೆ ಫೋಟೋದ ಜೊತೆಗೆ ಮೂರು ಸಾಲು ಕನ್ನಡದಲ್ಲಿ ಬರೆದಿರಬೇಕು: ಪ್ರಶ್ನೆಯಲ್ಲಿ ಏನು ನಡೆಯುತ್ತಿದೆ, ಯಾವುದನ್ನು ಕೇಳಿದ್ದಾರೆ, ನಾನು ಎಲ್ಲಿಯವರೆಗೆ ಬಂದು ನಿಂತೆ. ಮೂರನೆಯ ಸಾಲು ಇಲ್ಲದ ಫೋಟೋಗೆ ನನ್ನಿಂದ ಉತ್ತರವಿಲ್ಲ. ಇಂಗ್ಲಿಷಿನ ಪರೀಕ್ಷೆಗೆ ಕನ್ನಡದಲ್ಲಿ ಬರೆಸಿದರೆ ಮಗು ಇನ್ನಷ್ಟು ಹಿಂದೆ ಬೀಳುವುದಿಲ್ಲವೇ ಎಂದು ತಂದೆ ಸಂಕೋಚದಿಂದಲೇ ಕೇಳಿದರು. ಅವರ ಆತಂಕ ಸಹಜವಾದದ್ದು. ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಲಿ, ಯೋಚನೆ ಯಾವ ಭಾಷೆಯಲ್ಲಿ ತಾನಾಗಿ ನಡೆಯುತ್ತದೋ ಅದರಲ್ಲಿ ನಡೆಯಲಿ ಎಂದೆ. ನಮ್ಮ ಈ ರಾಜ್ಯದಲ್ಲೇ ಹದಿನಾರನೆಯ ಶತಮಾನದಲ್ಲಿ ಜ್ಯೇಷ್ಠದೇವ ಎಂಬ ಗಣಿತಜ್ಞ, ಸಂಗಮಗ್ರಾಮದ ಮಾಧವನ ಪರಂಪರೆಯ ಅನಂತ ಶ್ರೇಣಿಗಳನ್ನು (ಕೊನೆಯಿಲ್ಲದೆ ಕೂಡಿಸುತ್ತ ಹೋಗುವ ಮೊತ್ತಗಳನ್ನು), ಇಂದು ಕಲನಶಾಸ್ತ್ರ ಎಂದು ಕರೆಯುವ ಶಾಸ್ತ್ರಕ್ಕೆ ತೀರ ಹತ್ತಿರದ ವಿಚಾರಗಳನ್ನು, ಉಪಪತ್ತಿಗಳ, ಅಂದರೆ ಏಕೆ ಸರಿ ಎಂಬ ಸಾಧನೆಗಳ, ಸಮೇತ ಸಂಸ್ಕೃತ ಬಿಟ್ಟು ಮಲಯಾಳ ಗದ್ಯದಲ್ಲಿ ವಿವರಿಸಿ ಬರೆದ ‘ಯುಕ್ತಿಭಾಷಾ’ ಇದೆ. ಮನೆಮಾತಿಗೆ ಈ ಗಣಿತವನ್ನು ಹೊರುವ ಶಕ್ತಿ ಇಲ್ಲ ಎಂದು ಈ ನೆಲದಲ್ಲಿ ಯಾರೂ ಹೇಳಬೇಕಾಗಿಲ್ಲ.

56ರ ಲೆಕ್ಕವನ್ನು ಅವಳ ಕೈಯಿಂದಲೇ ಮತ್ತೆ ಮಾಡಿಸಿದೆ, ಸೂತ್ರವಿಲ್ಲದೆ, ಕ್ಯಾಲ್ಕುಲೇಟರ್ ಹಿಡಿದು. 4 ಸೆಕೆಂಡಿಗೆ ಸ್ಥಾನ 56 ಮೀಟರ್. 4.1 ಸೆಕೆಂಡಿಗೆ 58.63. ನಡುವಿನ ದೂರ 2.63, ಅದನ್ನು 0.1ರಿಂದ ಭಾಗಿಸಿದರೆ ಸರಾಸರಿ ವೇಗ 26.3. ಮಧ್ಯಂತರವನ್ನು 0.01 ಸೆಕೆಂಡಿಗೆ ಇಳಿಸಿದರೆ 26.03, 0.001ಕ್ಕೆ ಇಳಿಸಿದರೆ 26.003. ಮುಂದಿನದನ್ನು ಅವಳು ಕ್ಯಾಲ್ಕುಲೇಟರ್ ಮುಟ್ಟದೆ ಬಾಯಲ್ಲೇ ಹೇಳಿದಳು. ಆಮೇಲೆ ನಿಯಮದ ಪ್ರಕಾರ ನಿಷ್ಪನ್ನ ತೆಗೆದು, ಕೊನೆಗೆ 4 ಹಾಕಿದಾಗ ಬಂದದ್ದು 26. ಬೆಲೆಯನ್ನು ಮೊದಲೇ ಹಾಕಿದರೆ ಬದಲಾಗುವುದೇ ನಿಂತುಹೋಗುತ್ತದೆ, ನಿಂತದ್ದರ ಬದಲಾವಣೆಯ ದರ ಕೇಳಿದರೆ ಸೊನ್ನೆಯಲ್ಲದೆ ಬೇರೆ ಬರುವುದಿಲ್ಲ ಎಂಬುದು ಅವಳಿಗೆ ಆ ಸಂಜೆ ತಿಳಿಯಿತು.

ಆದರೂ ಮುಂದಿನ ಎರಡು ವಾರ ನಿರಾಸೆಯವು. ಮೂರು ಸಾಲು ಬರುತ್ತಿತ್ತು, ಆದರೆ ಪ್ರಶ್ನೆಯ ಇಂಗ್ಲಿಷನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದ, ಜೀವವಿಲ್ಲದ ಸಾಲುಗಳು. ‘ಎಲ್ಲಿಯವರೆಗೆ ಬಂದೆ’ ಎಂಬಲ್ಲಿ ಯಾವಾಗಲೂ ‘ಏನೂ ಗೊತ್ತಾಗಲಿಲ್ಲ’ ಎಂದಿರುತ್ತಿತ್ತು. ನಿಯಮ ಮಾಡಿದ್ದು ತಪ್ಪಾಯಿತೇ ಎಂದು ನನಗೇ ಅನ್ನಿಸತೊಡಗಿತ್ತು.

ತಿರುವು

ಅಕ್ಟೋಬರಿನ ಒಂದು ರಾತ್ರಿ ಹೋಂವರ್ಕಿನ ಫೋಟೋದ ಕೆಳಗೆ ಇನ್ನೊಂದು ಸಂದೇಶ ಬಂತು: ‘ಟೀಚರ್, ಇನ್ನೊಂದು ಸಂಶಯ, ಇದು ಪಾಠದ್ದಲ್ಲ. ಇವತ್ತು ತೊಳೆಯಲಿಕ್ಕೆ ಅಂತ ತೋಟದ ಟ್ಯಾಂಕಿಯ ತೂಬು ತೆಗೆದಿದ್ದೆವು. ಅರ್ಧ ನೀರು ಬೇಗ ಹೋಯಿತು, ಉಳಿದ ಅರ್ಧ ಹೋಗಲಿಕ್ಕೆ ಮಧ್ಯಾಹ್ನ ಆಯಿತು. ಅಜ್ಜ ಯಾವಾಗಲೂ ಹೀಗೆಯೇ ಎನ್ನುತ್ತಾರೆ. ತೂತು ಅದೇ, ನೀರು ಅದೇ, ಮತ್ತೆ ಯಾಕೆ?’

ನಾನು ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸಿ ನೋಡಿದೆ. ‘ಪಾಠದ್ದಲ್ಲ’ ಎಂಬ ಪೀಠಿಕೆಯೊಂದಿಗೆ ಇಂಥವು ಇನ್ನೂ ಮೂರು ಇದ್ದವು, ಅವಕ್ಕೆ ನಾನು ‘ಆಮೇಲೆ ನೋಡೋಣ, ಮೊದಲು ಹೋಂವರ್ಕ್ ಮುಗಿಸು’ ಎಂದು ಉತ್ತರಿಸಿದ್ದೆ. ಮಣ್ಣಿನ ಕೊಡದ ನೀರು ಮಳೆಗಾಲದಲ್ಲಿ ಏಕೆ ಅಷ್ಟು ತಣ್ಣಗಾಗುವುದಿಲ್ಲ, ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ನಿಂತವರು ಹೊರಗಿನ ಬದಿಗೆ ವಾಲುವುದು ಏಕೆ, ಎಂಬಂಥ ಪ್ರಶ್ನೆಗಳು. ಹೋಂವರ್ಕಿನ ಪ್ರಶ್ನೆ ಕೇಳುವಾಗ ಅವಳು ಉತ್ತರ ಕೇಳುತ್ತಿದ್ದಳು. ಇವುಗಳಲ್ಲಿ ಕಾರಣ ಕೇಳುತ್ತಿದ್ದಳು. ನಾನು ಹೇಳಿದ ಮೂರು ಸಾಲುಗಳೂ, ಯಾರೂ ಹೇಳದೆ, ಟ್ಯಾಂಕಿಯ ಸಂದೇಶದಲ್ಲಿ ಆಗಲೇ ಇದ್ದವು. ಈ ಒಂದು ವರ್ಷದಲ್ಲಿ ನಾನು ತೆಗೆದುಕೊಂಡ ನಿರ್ಧಾರಗಳಲ್ಲಿ ಸರಿಯಾದದ್ದು ಎಂದು ನನಗೆ ಖಚಿತವಾಗಿ ತೋರುವುದು ಮರುದಿನದ್ದು: ಎರಡು ವಾರ ಹೋಂವರ್ಕನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಹಿಡಿದೆವು.

ಭರಣಿ

ಗೋಡೆ ನೇರವಾಗಿರುವ, ಹತ್ತು ಸೆಂಟಿಮೀಟರ್ ಅಗಲದ ಒಂದು ಪ್ಲಾಸ್ಟಿಕ್ ಭರಣಿ ತೆಗೆದುಕೊಂಡು, ತಳದ ಹತ್ತಿರ ಕಾಯಿಸಿದ ಮೊಳೆಯಿಂದ ಸುಮಾರು ನಾಲ್ಕು ಮಿಲಿಮೀಟರಿನ ತೂತು ಮಾಡಿದೆವು. ತೂತಿನ ನಡುವಿನಿಂದ ಮೇಲಕ್ಕೆ ಅಳೆದು 20, 15, 10, 5 ಸೆಂಟಿಮೀಟರಿಗೆ ಗೆರೆ ಎಳೆದಳು. ಮೊದಲು ಅವಳು ಭರಣಿಯ ತಳದಿಂದ ಅಳೆಯಲು ಹೊರಟಿದ್ದಳು. ನೀರನ್ನು ದೂಡುವುದು ತೂತಿನ ಮೇಲಿರುವ ನೀರು, ಕೆಳಗಿರುವುದಲ್ಲ ಎಂದು ತಿದ್ದಬೇಕಾಯಿತು. ಇಪ್ಪತ್ತರಿಂದ ಹದಿನೈದಕ್ಕೆ ಇಳಿಯಲು 28 ಸೆಕೆಂಡ್ ಹಿಡಿಯಿತು. ಅಲ್ಲಿಗೆ ತೂತಿಗೆ ಬೆರಳಿಟ್ಟು, ಮುಂದಿನ ಐದು ಸೆಂಟಿಮೀಟರಿಗೆ ಎಷ್ಟು ಹಿಡಿಯಬಹುದು ಎಂದು ಬರೆಯಲು ಹೇಳಿದೆ. ನಿಧಾನವಾಗುತ್ತದೆ ಎಂದು ಅಜ್ಜನಿಂದ ಕೇಳಿ ಗೊತ್ತಿದ್ದರೂ ಕೈ 28 ಎಂದೇ ಬರೆಯಿತು. ಹಿಡಿದದ್ದು 34. ಅದರ ಮುಂದಿನದಕ್ಕೆ 43.

ಈಗ ಕಾರಣ ಬೇಕಾಯಿತು. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಟೊರಿಸೆಲ್ಲಿ (1608–1647) ಕಂಡುಕೊಂಡ ಸಂಗತಿ ಇದು: ತೂತಿನಿಂದ ನೀರು ಚಿಮ್ಮುವ ವೇಗ, ನೀರಿನ ಮಟ್ಟದಷ್ಟು ಎತ್ತರದಿಂದ ಬಿದ್ದ ವಸ್ತುವಿನ ವೇಗಕ್ಕೆ ಸಮ. ಆದ್ದರಿಂದ ವೇಗವು ಎತ್ತರದ ವರ್ಗಮೂಲಕ್ಕೆ ಅನುಪಾತವಾಗಿರುತ್ತದೆ. ಮಟ್ಟ ಕಾಲುಭಾಗಕ್ಕೆ ಇಳಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ನೀರು ಹೊರಹೋದಷ್ಟೂ ಮಟ್ಟ ತಗ್ಗುತ್ತದೆ, ಮಟ್ಟ ತಗ್ಗಿದಷ್ಟೂ ಹೊರಹೋಗುವ ದರ ತಗ್ಗುತ್ತದೆ. ಇಂಥ ಸಮೀಕರಣವನ್ನು ಪೂರ್ತಿ ಬಿಡಿಸುವುದು ಪ್ಲಸ್ ಟುವಿನ ಪಾಠವಾದ್ದರಿಂದ ನಾನು ಅಲ್ಲಿಗೆ ಹೋಗಲಿಲ್ಲ. ಎತ್ತರ ಸಮನಾದ ದರದಲ್ಲಿ ಇಳಿಯದಿದ್ದರೂ ಎತ್ತರದ ವರ್ಗಮೂಲ ಸಮನಾದ ದರದಲ್ಲಿ ಇಳಿಯಬೇಕು ಎಂಬುದನ್ನು ನಿಷ್ಪನ್ನದ ನಿಯಮದಿಂದ ತೋರಿಸಿ, ತನ್ನದೇ ಅಂಕಿಗಳಲ್ಲಿ ಪರೀಕ್ಷಿಸಲು ಬಿಟ್ಟೆ. ವರ್ಗಮೂಲಗಳು 4.47, 3.87, 3.16, 2.24. ವ್ಯತ್ಯಾಸಗಳು 0.60, 0.71, 0.92. ಇವನ್ನು 28, 34, 43ರಿಂದ ಭಾಗಿಸಿದಾಗ 0.0214, 0.0209, 0.0214. ಕ್ಯಾಲ್ಕುಲೇಟರಿನಲ್ಲಿ ಮೂರನೆಯ ಸಂಖ್ಯೆ ಕಂಡಾಗ ಅವಳು ಅದನ್ನು ನನ್ನ ಕಡೆಗೆ ತಿರುಗಿಸಿ ಹಿಡಿದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇದೇ ಲೆಕ್ಕದಿಂದ ಅಜ್ಜನ ಮಾತಿಗೂ ಅಂಕಿ ಸಿಕ್ಕಿತು: ಮೇಲಿನ ಅರ್ಧಕ್ಕೆ ಹಿಡಿಯುವ ಹೊತ್ತಿನ ಸುಮಾರು 2.4 ಪಟ್ಟು ಕೆಳಗಿನ ಅರ್ಧಕ್ಕೆ ಬೇಕು.

ಅಳಿಸಿದ ಅಂಕಿಗಳು

ಕ್ರಿಸ್ಮಸ್ ರಜೆಯಲ್ಲಿ ಇದನ್ನೇ ತೋಟದ ಟ್ಯಾಂಕಿಯಲ್ಲಿ ಮಾಡಿ ನೋಡುತ್ತೇನೆ ಎಂದಳು. ಎರಡು ಮೀಟರ್ ಉದ್ದಗಲದ ಸಿಮೆಂಟ್ ಟ್ಯಾಂಕಿ, ತಳದಲ್ಲಿ ಒಂದು ಇಂಚಿನ ಪೈಪು. ಅಡಿಕೆ ಮರದ ಸೀಳಾದ ಸಲಕಿಗೆ ಗೆರೆ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಮಟ್ಟ ಬರೆದುಕೊಂಡು ಬಂದಳು. ಪುಟವನ್ನು ಬೆಳಕಿಗೆ ಹಿಡಿದಾಗ ಕೊನೆಯ ಕೆಲವು ಅಂಕಿಗಳ ಕೆಳಗೆ ಪೆನ್ಸಿಲಿನಿಂದ ಬರೆದು ಅಳಿಸಿದ ಗುರುತು ಕಂಡಿತು. ಕೇಳಿದ್ದಕ್ಕೆ ತಲೆತಗ್ಗಿಸಿದಳು. ವರ್ಗಮೂಲದ ಲೆಕ್ಕ ಹೊಂದುತ್ತಿರಲಿಲ್ಲ, ಅಳೆದದ್ದರಲ್ಲಿ ತಪ್ಪಿರಬೇಕು ಎಂದುಕೊಂಡು ಸೂತ್ರಕ್ಕೆ ತಕ್ಕಂತೆ ತಿದ್ದಿದ್ದಳು.

ಇಲ್ಲಿ ಗದರಿಸಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ಶಾಲೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಮಾಡಿಸಿದವಳು ನಾನು. ಅಂಕಿ ತಿದ್ದುವ ಅಭ್ಯಾಸ ಮಕ್ಕಳಿಗೆ ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಬೇರೆಯವರಿಂದ ಕೇಳಬೇಕಾಗಿಲ್ಲ. ಅಳಿಸಿದ ಅಂಕಿಗಳನ್ನೇ ಮತ್ತೆ ಬರೆಯಲು ಹೇಳಿದೆ. ಮಟ್ಟ ತಗ್ಗಿದಂತೆ ವರ್ಗಮೂಲ ಇಳಿಯುವ ದರವೂ ಕಡಿಮೆಯಾಗುತ್ತ ಹೋಗಿತ್ತು, ಅದೂ ಒಂದೇ ದಿಕ್ಕಿನಲ್ಲಿ, ಏರುಪೇರಿಲ್ಲದೆ. ಅಳತೆಯ ತಪ್ಪು ಹೀಗೆ ಶಿಸ್ತಿನಿಂದ ಇರುವುದಿಲ್ಲ. ಏನೋ ಒಂದು ಬಿಟ್ಟುಹೋಗಿದೆ, ಮನೆಗೆ ಹೋಗಿ ಟ್ಯಾಂಕಿಯನ್ನು ನೋಡು ಎಂದು ಕಳಿಸಿದೆ.

ಕಂಡುಹಿಡಿದವರು ಅಜ್ಜ. ‘ಸುರಂಗದ ನೀರು ಬೀಳ್ತಾ ಇತ್ತಲ್ಲ ಮಗಳೇ, ಅದನ್ನು ತಿರುಗಿಸಿದ್ದಿಯಾ?’ ಎಂದರಂತೆ. ನಮ್ಮ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳಿಂದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಬರುತ್ತದೆ. ಆ ನೀರು ಹಗಲು ರಾತ್ರಿ ಟ್ಯಾಂಕಿಗೆ ಬೀಳುತ್ತಲೇ ಇರುವುದರಿಂದ ಮನೆಯವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಈಗ ಅವಳು ನನ್ನನ್ನು ಕೇಳದೆಯೇ ಮುಂದುವರಿದಳು. ಸುರಂಗದ ನೀರು ಬೀಳುವಲ್ಲಿ 15 ಲೀಟರಿನ ಬಾಲ್ದಿ ಇಟ್ಟಳು: ತುಂಬಲು 40 ಸೆಕೆಂಡ್. ಮಟ್ಟ ಪೈಪಿನ ನಡುವಿನಿಂದ 36 ಸೆಂಟಿಮೀಟರ್ ಇರುವಾಗ ಹೊರಗಿನ ಪೈಪಿಗೆ ಅದೇ ಬಾಲ್ದಿ ಹಿಡಿದಳು: 20 ಸೆಕೆಂಡ್. ಹೊರಹೋಗುವ ದರ ಒಳಬರುವುದರ ಎರಡು ಪಟ್ಟು. ಹೊರಹೋಗುವುದು ಅರ್ಧಕ್ಕೆ ಇಳಿದರೆ ಎರಡೂ ಸಮ, ಆಗ ಮಟ್ಟ ಬದಲಾಗುವ ದರ ಸೊನ್ನೆ. ದರ ಅರ್ಧವಾಗಬೇಕಾದರೆ ಎತ್ತರ ಕಾಲುಭಾಗವಾಗಬೇಕು. ಅಂದರೆ ನೀರು 9 ಸೆಂಟಿಮೀಟರಿನಲ್ಲಿ ನಿಲ್ಲಬೇಕು. ಇಷ್ಟನ್ನೂ ಬರೆದು, ನೀರು ಅಲ್ಲಿಗೆ ಇಳಿಯುವ ಮೊದಲೇ ನನಗೆ ಫೋಟೋ ಕಳಿಸಿದಳು. ಎರಡೂವರೆ ಗಂಟೆಯ ಬಳಿಕ ಮಟ್ಟ ಒಂಬತ್ತೂವರೆಯಲ್ಲಿತ್ತು. ಮತ್ತೂ ಅರ್ಧ ಗಂಟೆ ಕಾದಾಗ ಇಳಿದದ್ದು ಮೂರೇ ಮಿಲಿಮೀಟರ್. ‘ಒಂಬತ್ತರ ಹತ್ತಿರ ಹತ್ತಿರ ಹೋಗ್ತಾ ಉಂಟು ಟೀಚರ್, ಮುಟ್ಟುವುದಿಲ್ಲ’ ಎಂದು ಬರೆದಳು. ಮಿತಿಯ ಪಾಠ ಗಣಿತದ ತರಗತಿಯಲ್ಲಿ ಆರಂಭವಾದದ್ದು ಅದಾಗಿ ಒಂದು ತಿಂಗಳ ಮೇಲೆ.

ಏನಾಯಿತು, ಏನಾಗಲಿಲ್ಲ

ಮಾರ್ಚಿನ ಪರೀಕ್ಷೆಯಲ್ಲಿ ಭೌತಶಾಸ್ತ್ರದ 60 ಅಂಕಗಳ ಲಿಖಿತ ಪತ್ರಿಕೆಯಲ್ಲಿ ಅವಳಿಗೆ 38 ಬಂತು, ಗಣಿತದ 80ರಲ್ಲಿ 41. ದೊಡ್ಡ ಅಂಕಗಳೇನಲ್ಲ. ತ್ರಿಕೋನಮಿತಿ ಅವಳಿಗೆ ಇಂದಿಗೂ ಕಷ್ಟ. ಅದಕ್ಕೆ ಟ್ಯಾಂಕಿಯಂಥದ್ದು ಒಂದನ್ನು ಹುಡುಕಿ ಕೊಡಲು ನನ್ನಿಂದ ಆಗಲಿಲ್ಲ. ಟ್ಯಾಂಕಿಯ ಹಿಂದೆ ಬಿದ್ದ ಹೊತ್ತಿನಲ್ಲಿ ಹೋಂವರ್ಕ್ ಹಿಂದೆ ಬಿದ್ದು ಶಾಲೆಯಲ್ಲಿ ಬೈಗುಳ ತಿಂದಳು, ಅದರ ಹೊಣೆ ನನ್ನದು. ಶಾಲೆಯ ಅಧ್ಯಾಪಕರಿಗೆ ಒಂದು ಮಾತು ಮುಂಚೆಯೇ ತಿಳಿಸಬೇಕಿತ್ತು. ದೊಡ್ಡಮ್ಮನ ಮಗನಿಗೂ ಮೂರು ಸಾಲಿನ ನಿಯಮ ಹೇಳಿದೆವು, ಅವನು ಒಪ್ಪಿದ ಮೇಲೆ ಅವನ ನೆರವು ನನ್ನದಕ್ಕಿಂತ ಚೆನ್ನಾಗಿಯೇ ನಡೆಯಿತು. ಆ್ಯಪನ್ನು ತೆಗೆಸಲಿಲ್ಲ. ತಾನು ಬಿಡಿಸಿದ ಮೇಲೆ ಸರಿ ನೋಡಲು ಬಳಸುತ್ತೇನೆ ಎಂದಳು, ನಂಬಿದೆ.

ಇಂಥ ಮಕ್ಕಳಿಗೆ ನೆರವಾಗುವವರು ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ನನ್ನ ಮಟ್ಟಿಗೆ ಎರಡು ಕಡೆ ಇದೆ. ಒಂದು, ಸಾಲು ಸಾಲಾಗಿ ಸರಿಯಿದ್ದೂ ಉತ್ತರ ಅಸಂಬದ್ಧವಾದಾಗ, ತಿದ್ದಬೇಕಾದದ್ದು ಯಾವ ಸಾಲನ್ನೂ ಅಲ್ಲ. ಪ್ರಶ್ನೆಯಲ್ಲಿ ಏನು ಚಲಿಸುತ್ತಿದೆ ಎಂಬುದನ್ನು ಮಗುವಿನ ಬಾಯಿಂದ ಹೇಳಿಸಬೇಕು. ಇನ್ನೊಂದು, ‘ಪಾಠದ್ದಲ್ಲ’ ಎಂದು ಸಂಕೋಚದಿಂದ ಕೇಳಿದ ಪ್ರಶ್ನೆಯನ್ನು ನಾನು ಮೂರು ಸಲ ಮುಂದೂಡಿದ್ದೆ. ನಾಲ್ಕನೆಯದನ್ನೂ ಮುಂದೂಡಿದ್ದರೆ ಬರೆಯಲು ನನ್ನಲ್ಲಿ 20ರಲ್ಲಿ 4 ಅಂಕದ ಪತ್ರಿಕೆಯೊಂದೇ ಉಳಿಯುತ್ತಿತ್ತು.

ಈಗ ಅವಳು ಪ್ಲಸ್ ಟುವಿನಲ್ಲಿದ್ದಾಳೆ. ಕಳೆದ ವಾರ ಬಂದ ಫೋಟೋದಲ್ಲಿ ಶಂಕುವಿನಾಕಾರದ ಟ್ಯಾಂಕಿಗೆ ನೀರು ತುಂಬುವ ಲೆಕ್ಕವಿತ್ತು, ಮಟ್ಟ ಏರುವ ದರ ಕೇಳಿದ್ದರು. ಕೆಳಗೆ ಮೂರು ಸಾಲು ಕನ್ನಡ. ಮೂರನೆಯದು: ‘ತ್ರಿಜ್ಯವನ್ನು ಎತ್ತರದಲ್ಲಿ ಬರೆದೆ, ಡಿಫರೆನ್ಸಿಯೇಷನ್ ಮಾಡಿದೆ, ಬೆಲೆ ಇನ್ನೂ ಹಾಕಲಿಲ್ಲ. ಇಲ್ಲಿಯವರೆಗೆ ಸರಿಯಾ ಟೀಚರ್?’ ಸರಿ ಎಂದಷ್ಟೇ ಬರೆದು ಕಳಿಸಿದೆ.